‘ಕ್ಯಾಶ್’ ಮತ್ತು ‘ಕಾಸು’: ಒಂದು ರೂಪ, ಎರಡು ವಂಶ

ಇಂಗ್ಲಿಷಿನ ‘ಕ್ಯಾಶ್’ ಎಂಬ ನಾಮಪದವು ನಮ್ಮ ‘ಕಾಸು’ ಶಬ್ದದಿಂದಲೇ ಹುಟ್ಟಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಇಷ್ಟು ಸಾಮ್ಯವಿರುವಾಗ ಅಂತಹ ಊಹೆ ಸಹಜವೇ. ಆದರೆ ಶಬ್ದಗಳ ವಂಶವನ್ನು ಮುಖಚಹರೆ ನೋಡಿ ನಿರ್ಣಯಿಸಲಾಗದು. ದಾಖಲೆಗಳನ್ನು ಪರಿಶೀಲಿಸಿದರೆ ಈ ಮಾತಿನಲ್ಲಿ ಸತ್ಯವೂ ಇದೆ, ಭ್ರಮೆಯೂ ಇದೆ ಎಂಬುದು ವಿಶದವಾಗುತ್ತದೆ.

ಇಂದು ಬ್ಯಾಂಕುಗಳಲ್ಲಿ ರೂಢಿಯಲ್ಲಿರುವ, ನಗದು ಎಂಬರ್ಥದ ‘ಕ್ಯಾಶ್’ ಯುರೋಪಿನ ಶಬ್ದ. ಪೆಟ್ಟಿಗೆ ಎಂಬರ್ಥದ ಲ್ಯಾಟಿನ್ ‘ಕಾಪ್ಸಾ’ ಇದರ ಮೂಲ. ಅದರಿಂದ ಇಟಾಲಿಯನ್ನಿನ ‘ಕಾಸ್ಸಾ’ ಮತ್ತು ಫ್ರೆಂಚಿನ ‘ಕೇಸ್’ ರೂಪಗಳು ಬಂದವು. ಇವುಗಳ ದ್ವಾರಾ 16ನೆಯ ಶತಮಾನದ ಕೊನೆಯ ಹೊತ್ತಿಗೆ ಶಬ್ದವು ಇಂಗ್ಲಿಷನ್ನು ಸೇರಿತು. ಆಗ ಅದಕ್ಕೆ ಹಣವಿಡುವ ಪೆಟ್ಟಿಗೆ ಎಂಬ ಅರ್ಥವೂ ಇದ್ದಿತು. ಕ್ರಮೇಣ ಆ ಅರ್ಥ ಲೋಪವಾಗಿ, ಪೆಟ್ಟಿಗೆಯೊಳಗಿನ ಹಣವೆಂಬುದೇ ಉಳಿಯಿತು. ಆಧಾರದ ಹೆಸರು ಆಧೇಯಕ್ಕೆ ಸಲ್ಲುವುದು ಅಪೂರ್ವವೇನಲ್ಲ. ‘ಕೋಶ’ ಶಬ್ದವೂ ಸಂಸ್ಕೃತದಲ್ಲಿ ಹೀಗೆಯೇ ಬೆಳೆದಿದೆ.

ಪೆಟ್ಟಿಗೆಯ ಈ ನೆನಪು ಲೆಕ್ಕಶಾಸ್ತ್ರದಲ್ಲಿ ಇನ್ನೂ ಅಳಿದಿಲ್ಲ. ಹಣ ಕೈಸೇರಿದಾಗ ಕ್ಯಾಶ್ ಖಾತೆಗೆ ಡೆಬಿಟ್ ಬರೆಯುವುದೇಕೆಂದು ಹೊಸಬರು ಕೇಳುವುದುಂಟು. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥವು ಜೋಡಿನಮೂದಿನ ಪದ್ಧತಿಯನ್ನು ವಿವರಿಸುವಾಗ ‘ಕಾಸ್ಸಾ’ವನ್ನೇ ಒಂದು ಖಾತೆಯಾಗಿ ಕಾಣಿಸುತ್ತದೆ. ಹಣವನ್ನು ಪಡೆದದ್ದು ಪೆಟ್ಟಿಗೆ. ಆದುದರಿಂದ ಆ ಹಣಕ್ಕೆ ಹೊಣೆಯೂ ಅದರದೇ.

ಇನ್ನೊಂದು ‘ಕ್ಯಾಶ್’ ನಾಣ್ಯದ ಹೆಸರು. ನಮ್ಮ ‘ಕಾಸು’ ಇಲ್ಲಿ ಬರುತ್ತದೆ. ಇದು ಕನ್ನಡ, ತಮಿಳು, ತೆಲುಗುಗಳಿಗೆ ಸಮಾನವಾದ ಶಬ್ದ. ಸಂಸ್ಕೃತದಲ್ಲಿ ತೂಕವೊಂದರ ಹೆಸರಾದ ‘ಕರ್ಷ’ದಿಂದ ಇದು ಬಂದಿತೆಂದು ಕೆಲವರು ಹೇಳುವರಾದರೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂದನೆಯ ರಾಜರಾಜ ಚೋಳನ ತಂಜಾವೂರು ಶಾಸನಗಳಲ್ಲಿ ಕಾಸು ಚಿನ್ನದ ನಾಣ್ಯ. ದೇವಾಲಯದ ನಿಧಿಯಿಂದ ಗ್ರಾಮಸಭೆಗಳು ಕಾಸುಗಳನ್ನು ಸಾಲವಾಗಿ ಪಡೆದು, ಪ್ರತಿ ಕಾಸಿಗೆ ವರ್ಷಕ್ಕೆ 1/8 ಕಾಸು, ಅಂದರೆ ನೂರಕ್ಕೆ ಹನ್ನೆರಡೂವರೆಯಂತೆ, ಬಡ್ಡಿ ತೆರುತ್ತಿದ್ದುದನ್ನು ಅವು ತಿಳಿಸುತ್ತವೆ. ಮುಂದೆ ಈ ಹೆಸರು ತಾಮ್ರದ ಕಿರುನಾಣ್ಯಕ್ಕೆ ಇಳಿಯಿತು.

ಪೋರ್ಚುಗೀಸರ ಬಾಯಲ್ಲಿ ಕಾಸು ‘ಕಾಯ್ಶ’ವಾಯಿತು. ಲ್ಯಾಟಿನ್ ‘ಕಾಪ್ಸಾ’ದಿಂದಲೇ ಬಂದ, ಪೆಟ್ಟಿಗೆ ಎಂಬರ್ಥದ ಅವರ ಶಬ್ದವೂ ‘ಕಾಯ್ಶ’ವೇ. ಎರಡು ವಂಶಗಳು ಹೀಗೆ ಪೋರ್ಚುಗೀಸಿನಲ್ಲಿ ಒಂದೇ ರೂಪವನ್ನು ತಾಳಿದವು. ಅವರಿಂದ ಕಲಿತ ಇಂಗ್ಲಿಷರು ದಕ್ಷಿಣದ ತಾಮ್ರದ ಕಾಸನ್ನೂ ಚೀನದ ನಡುತೂತಿನ ನಾಣ್ಯವನ್ನೂ ‘ಕ್ಯಾಶ್’ ಎಂದೇ ಕರೆದರು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲರ ‘ಹಾಬ್ಸನ್ ಜಾಬ್ಸನ್’ ನಿಘಂಟು ಈ ಸಂಬಂಧವನ್ನು ಚರ್ಚಿಸಿದೆ.

ನಾಣ್ಯಗಳ ಸಾಕ್ಷ್ಯವು ಇನ್ನೂ ಸ್ಪಷ್ಟ. ಈಸ್ಟ್ ಇಂಡಿಯಾ ಕಂಪೆನಿಯು ಮದರಾಸಿಗಾಗಿ 1803ರಲ್ಲಿ ಟಂಕಿಸಿದ ತಾಮ್ರದ ನಾಣ್ಯದಲ್ಲಿ ಇಂಗ್ಲಿಷಿನಲ್ಲಿ 20 ‘ಕ್ಯಾಶ್’ ಎಂದಿದ್ದರೆ, ಪಾರಸಿಯಲ್ಲಿ ಇಪ್ಪತ್ತು ‘ಕಾಸ್’ ಎಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಕನ್ನಡದ ‘ಮಯಿಲಿ ಕಾಸು’ ಎಂಬ ಬರೆಹವೂ ಇಂಗ್ಲಿಷಿನ ‘ಕ್ಯಾಶ್’ ಎಂಬುದೂ ಒಟ್ಟಿಗೇ ಕಾಣುತ್ತವೆ. ಒಂದೇ ಬಿಲ್ಲೆಯ ಮೇಲೆ ಮೂಲವೂ ತದ್ಭವವೂ ದೊರೆಯುವುದು ಶಬ್ದಶಾಸ್ತ್ರಜ್ಞನಿಗೆ ವಿರಳವಾದ ಭಾಗ್ಯ.

ಈ ಭೇದವು ಕೇವಲ ಪಾಂಡಿತ್ಯದ ಕುತೂಹಲವಲ್ಲ. ನಗದು ಎಂಬರ್ಥದ ‘ಕ್ಯಾಶ್’ ಎಣಿಕೆಗೆ ಒಳಪಡದ ಪದ; ನಾಣ್ಯದ ‘ಕ್ಯಾಶ್’ ಒಂದು, ಐದು, ಇಪ್ಪತ್ತು ಎಂದು ಎಣಿಸತಕ್ಕದ್ದು. ಮದರಾಸಿನ ಹಳೆಯ ಲೆಕ್ಕಗಳು ವರಹ, ಹಣ, ಕಾಸು ಎಂಬ ಮೂರು ಅಂಕಣಗಳಲ್ಲಿವೆ: 80 ಕಾಸಿಗೆ 1 ಹಣ, 42 ಹಣಕ್ಕೆ 1 ವರಹ. ಆ ಮೂರನೆಯ ಅಂಕಣದ ‘ಕ್ಯಾಶ್’ ಅನ್ನು ನಗದು ಎಂದು ಓದಿದವರಿಗೆ ಲೆಕ್ಕವೂ ತಪ್ಪುತ್ತದೆ, ಇತಿಹಾಸವೂ ತಪ್ಪುತ್ತದೆ.

1818ರಲ್ಲಿ ಮದರಾಸು ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಸ್ವೀಕರಿಸಿದ ಮೇಲೆ ಅಲ್ಲಿ ಕಾಸಿನ ಲೆಕ್ಕ ಹಿಂದೆ ಸರಿಯಿತು. ಕನ್ನಡದಲ್ಲಿ ‘ಬಿಡಿಗಾಸು’ ಎಂಬ ಮಾತು ತಾಮ್ರದ ಕಾಸನ್ನು ನೆನಪಿಸಿದರೆ, ‘ಕಾಸಿನ ಸರ’ವು ಚಿನ್ನದ ಕಾಸನ್ನು ನೆನಪಿಸುತ್ತದೆ. ಇಂಗ್ಲಿಷಿನ ನಗದು ಪೆಟ್ಟಿಗೆ ನಮ್ಮದಲ್ಲ; ನಾಣ್ಯದ ಹೆಸರು ಮಾತ್ರ ದಕ್ಷಿಣದ ಭಾಷೆಗಳದು. ಪ್ರಮಾಣವುಳ್ಳ ಈ ಹಕ್ಕನ್ನು ಪ್ರಮಾಣವಿಲ್ಲದ ಹಕ್ಕಿನೊಡನೆ ಬೆರೆಸಿದರೆ ಎರಡನ್ನೂ ಕಳೆದುಕೊಳ್ಳಬೇಕಾದೀತು.