ಬಂದಳಿಕೆ: ಪುಣೆಯಿಂದ ನಿಲಂಬೂರಿನವರೆಗೆ

ಪುಣೆಯ ಹಳೆಯ ಮಾವಿನ ಮರಗಳಲ್ಲಿ ಒಂದೊಂದು ಕೊಂಬೆಯ ಎಲೆ ಬೇರೆಯಾಗಿಯೇ ಇರುತ್ತದೆ. ದಪ್ಪ ಎಲೆ, ಕೊಳವೆಯಂಥ ಕಿತ್ತಳೆ ಬಣ್ಣದ ಹೂವು. ಅದೇ ಬಂದಳಿಕೆ ಎಂಬ ಪರಾವಲಂಬಿ ಸಸ್ಯ, ಮರಾಠಿಗರ ಬಾಂಡಗುಳ.

ಪಶ್ಚಿಮ ಭಾರತದ ಪರಾವಲಂಬಿ ಸಸ್ಯಗಳ ವ್ಯವಸ್ಥಿತ ದಾಖಲೆಗೆ ಪುಣೆಯ ಋಣವಿದೆ. ಇಲ್ಲಿನ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೋಡೋರ್ ಕುಕ್ ಅವರ ಮುಂಬೈ ಪ್ರಾಂತ್ಯದ ಸಸ್ಯಸಂಪುಟಗಳು 1901ರಿಂದ ಹೊರಬಂದವು. ಅರಣ್ಯಾಧಿಕಾರಿ ಟಾಲ್ಬಟ್ ಅವರ ಅರಣ್ಯಸಸ್ಯಗಳ ಗ್ರಂಥ 1909 ಮತ್ತು 1911ರಲ್ಲಿ ಪುಣೆಯಲ್ಲೇ ಅಚ್ಚಾಯಿತು. ಧಾರವಾಡ, ಬೆಳಗಾವಿ, ಉತ್ತರ ಕನ್ನಡದ ಕಾಡುಗಳೂ ಅಂದು ಇದೇ ಪ್ರಾಂತ್ಯದಲ್ಲಿದ್ದವು. ಗಿಡವನ್ನು ಗುರುತಿಸಿ ಹೆಸರಿಡುವುದೇ ಆಗಿನ ಮುಖ್ಯ ಕೆಲಸ. ಯಾವ ಬಂದಳಿಕೆ ಯಾವ ಮರದ ಮೇಲೆ ಬೆಳೆಯುತ್ತದೆಂದು ದಕ್ಷಿಣ ಭಾರತದ ಮಟ್ಟಿಗೆ ಸಸ್ಯಶಾಸ್ತ್ರಜ್ಞ ಫಿಷರ್ 1926ರಲ್ಲಿ ಪಟ್ಟಿ ಮಾಡಿದರು.

ಅಷ್ಟರಲ್ಲಿ ಇನ್ನೊಂದು ಪರಾವಲಂಬಿಯಾದ ಶ್ರೀಗಂಧವು ಅರಣ್ಯ ಇಲಾಖೆಗಳ ಕಣ್ಣು ತೆರೆಸಿತ್ತು. ಅದರ ಬೇರು ಅಕ್ಕಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಸಾರ ಹೀರುತ್ತದೆ ಎಂಬುದನ್ನು ಸಸ್ಯಶಾಸ್ತ್ರಜ್ಞ ಜಾನ್ ಸ್ಕಾಟ್ 1871ರಲ್ಲೇ ಗಮನಿಸಿದ್ದರು. ಮದರಾಸಿನ ಬಾರ್ಬರ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಹೀರುಬೇರಿನ ರಚನೆಯನ್ನು ವಿವರವಾಗಿ ಬಿಡಿಸಿಟ್ಟರು. ಸಸಿಮಡಿಯಲ್ಲಿ ಗಂಧದ ಜೊತೆಗೆ ತೊಗರಿ, ಹೊಲದಲ್ಲಿ ಹೊಂಗೆ ಅಥವಾ ಗಾಳಿಮರ ಬೆಳೆಸುವ ಇಂದಿನ ಕ್ರಮದ ಬುಡ ಇಲ್ಲಿದೆ. ಪರಾವಲಂಬಿಯೆಂದರೆ ಪೀಡೆಯೇ ಎಂಬ ಮಾತು ಕರ್ನಾಟಕದ ಅತ್ಯಂತ ಬೆಲೆಬಾಳುವ ಮರದ ಮುಂದೆ ನಿಲ್ಲುವುದಿಲ್ಲ.

ಆದರೆ ತೇಗದ ತೋಪಿನಲ್ಲಿ ಬಂದಳಿಕೆ ಪೀಡೆಯೇ ಹೌದು. ಬಂದಳಿಕೆ ಹಸಿರೆಲೆಯಿಂದ ತನ್ನ ಆಹಾರ ತಾನೇ ತಯಾರಿಸುತ್ತದೆ. ನೀರು, ಲವಣ ಮರದ್ದು. ಬೇಸಿಗೆಯಲ್ಲೂ ಅದು ಧಾರಾಳವಾಗಿ ನೀರು ಬಾಷ್ಪವಾಗಿಸುವುದರಿಂದ ಕೊಂಬೆಯ ತುದಿ ಒಣಗುತ್ತದೆ, ಮರದ ಬೆಳವಣಿಗೆ ಕುಂಠಿತವಾಗುತ್ತದೆ. ಕೇರಳದ ನಿಲಂಬೂರಿನ ತೇಗದ ತೋಪುಗಳಲ್ಲಿ ಹಾವಳಿ ಮಿತಿಮೀರಿದಾಗ, 1980ರ ದಶಕದಲ್ಲಿ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ ಅದರ ಬೆನ್ನುಹತ್ತಿತು. ಕಾಂಡಕ್ಕೆ ಕಳೆನಾಶಕ ಚುಚ್ಚುವ ಪ್ರಯೋಗಗಳೂ ನಡೆದವು. ನನ್ನ ಮಟ್ಟಿಗೆ ಕತ್ತಿಯೇ ಮೇಲು: ಮರದ ನೀರಿನ ಹಾದಿಯಲ್ಲೇ ಹೋಗುವ ವಿಷ ಮರವನ್ನು ಬಿಟ್ಟು ಬಂದಳಿಕೆಯನ್ನಷ್ಟೇ ಕೊಲ್ಲಲಿ ಎಂದು ಬಯಸುವುದು ಸುಲಭ, ಸಾಧಿಸುವುದು ಕಷ್ಟ.

ಅದೇ ದಶಕದಲ್ಲಿ ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ನೀಲಗಿರಿಯಲ್ಲಿ ಬಂದಳಿಕೆಯನ್ನು ಹಕ್ಕಿಗಳ ಕಡೆಯಿಂದ ನೋಡಿದರು. ಸೂರಕ್ಕಿಗೆ ಅದರ ಮಕರಂದ, ಬದನಿಕೆ ಹಕ್ಕಿಗೆ ಅದರ ಹಣ್ಣು. ಅಂಟಂಟಾದ ಬೀಜವನ್ನು ಈ ಹಕ್ಕಿಯೇ ಇನ್ನೊಂದು ಕೊಂಬೆಗೆ ಮೆತ್ತುತ್ತದೆ. ಜೆಜೆಬೆಲ್ ಚಿಟ್ಟೆಯ ಮರಿಹುಳು ಬೆಳೆಯುವುದೂ ಇದರ ಎಲೆ ತಿಂದೇ. ಆಸ್ಟ್ರೇಲಿಯಾದ ಡೇವಿಡ್ ವಾಟ್ಸನ್ 2001ರಲ್ಲಿ ಜಗತ್ತಿನ ಅಧ್ಯಯನಗಳನ್ನೆಲ್ಲ ಸೇರಿಸಿ, ಇಂಥ ಸಸ್ಯಗಳು ಕಾಡಿನ ಜೀವಜಾಲಕ್ಕೆ ಆಧಾರ ಎಂದು ವಾದಿಸಿದರು. ಮುಂದೆ ಕೆಲವು ಕಾಡುತುಣುಕುಗಳಿಂದ ಅವನ್ನು ತೆಗೆದುಹಾಕಿ ನೋಡಿದಾಗ ಅಲ್ಲಿ ಹಕ್ಕಿಗಳ ಬಗೆಗಳೇ ಕಡಿಮೆಯಾದವು.

ಹಾಗಾಗಿ ಸಹಜ ಕಾಡಿನಲ್ಲಿ ಬಂದಳಿಕೆಯನ್ನು ಅದರ ಪಾಡಿಗೆ ಬಿಡಬೇಕು. ತೋಪು, ತೋಟ, ರಸ್ತೆಬದಿಯ ಮರಗಳಲ್ಲಿ ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗಕ್ಕಿಂತ ಕೊಂಚ ಕೆಳಗೆ ಕೊಂಬೆ ಕತ್ತರಿಸಬೇಕು. ಪುಣೆಯಲ್ಲಿ ಮರ ಕಡಿಯಲು 1975ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಬಂದಳಿಕೆ ಹಬ್ಬಿದೆಯೆಂಬ ನೆಪದಲ್ಲಿ ಇಡೀ ಮರವನ್ನೇ ಉರುಳಿಸುವ ಅರ್ಜಿಗೆ ದಯವಿಟ್ಟು ಸಹಿ ಹಾಕಬೇಡಿ.