ವಾರದ ಬಿಡುವು ಮತ್ತು ಕಥನತಂತ್ರ: ಪ್ರಸಾರದಲ್ಲಿರುವ ಅನಿಮೆಯ ಅಭಿಮಾನಿ ಚರ್ಚೆ

ಜಪಾನಿನ ಟಿ.ವಿ. ಅನಿಮೆ ಮೂಲತಃ ವಾರಕ್ಕೊಂದು ಕಂತಿನ ಧಾರಾವಾಹಿ. ತೆಜುಕಾ ಒಸಾಮು ಅವರ ‘ತೆತ್ಸುವಾನ್ ಆತೊಮು’ 1963ರ ಜನವರಿ 1ರಂದು ಫ್ಯೂಜಿ ವಾಹಿನಿಯಲ್ಲಿ ಆರಂಭವಾದಾಗ ನೆಲೆಗೊಂಡ ಅರ್ಧಗಂಟೆಯ ಚೌಕಟ್ಟು ಇಂದಿಗೂ ಬದಲಾಗಿಲ್ಲ. ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಸರಣಿಗಳು ಶುರುವಾಗುತ್ತವೆ. ಸುಮಾರು 13 ವಾರಗಳ ಒಂದು ಅವಧಿಗೆ ‘ಕೂರ್’ ಎನ್ನುತ್ತಾರೆ. ಆರಂಭದ ಹಾಡು, ಮುಕ್ತಾಯದ ಹಾಡು, ಜಾಹೀರಾತುಗಳನ್ನು ಕಳೆದರೆ ಕಥೆಗೆ ಸಿಗುವುದು ಇಪ್ಪತ್ತು ನಿಮಿಷದ ಆಸುಪಾಸು. ವಾರದ ಉಳಿದ ಸಮಯವೆಲ್ಲ ಕಥೆ ನಿಂತಿರುತ್ತದೆ, ಅದರ ಬಗೆಗಿನ ಮಾತು ಮಾತ್ರ ಮುಂದುವರಿಯುತ್ತದೆ. ಈ ಬಿಡುವು ಕಥೆಯ ಹೊರಗಿನ ಸಂಗತಿಯಲ್ಲ, ಕಥನದ ಒಂದು ಅಂಗವೇ ಎಂಬುದು ಈ ಲೇಖನದ ಪ್ರತಿಪಾದನೆ. ಯಾವ ಘಟನೆಯನ್ನು ಯಾವ ವಾರದ ಅಂಚಿಗೆ ತಂದು ನಿಲ್ಲಿಸಬೇಕೆಂದು ನಿರ್ಮಾತೃಗಳು ನಿರ್ಧರಿಸುತ್ತಾರೆ. ಅಪೂರ್ಣವಾಗಿರುವ ಕಥೆಯ ಬಗ್ಗೆ ಅಭಿಮಾನಿಗಳು ಅಲ್ಲೇ ತೀರ್ಪು ಕೊಡುತ್ತಾ, ತಿದ್ದುತ್ತಾ ಹೋಗುತ್ತಾರೆ.

ಸೈದ್ಧಾಂತಿಕ ಹಿನ್ನೆಲೆ

ಧಾರಾವಾಹಿಯಾಗಿ ಓದಿದ ಕಾದಂಬರಿ ಮತ್ತು ಪುಸ್ತಕವಾಗಿ ಓದಿದ ಕಾದಂಬರಿ ಓದುಗನ ಅನುಭವದಲ್ಲಿ ಬೇರೆಬೇರೆಯಾಗಿರುತ್ತವೆ ಎಂಬುದನ್ನು ಜರ್ಮನ್ ಸಿದ್ಧಾಂತಿ ವೊಲ್ಫ್‌ಗಾಂಗ್ ಈಸರ್ ಡಿಕನ್ಸ್‌ನ ಕಾಲದ ಕಂತು ಪ್ರಕಟಣೆಯನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ಕಂತು ನಿಂತ ಕಡೆ ಓದುಗನ ಊಹೆ ಕೆಲಸ ಶುರುಮಾಡುತ್ತದೆ, ಆ ಮಟ್ಟಿಗೆ ಅವನು ಕೃತಿಯ ಸಹಕರ್ತೃವಾಗುತ್ತಾನೆ. ಅನಿಮೆಯ ಮಟ್ಟಿಗೆ ಜಪಾನಿನಲ್ಲೇ ಹುಟ್ಟಿದ ಎರಡು ವಿಚಾರಗಳು ಮುಖ್ಯ. ಗ್ರಾಹಕರು ಬಿಡಿ ಕಥೆಗಳ ಮೂಲಕ ಅವುಗಳ ಹಿಂದಿರುವ ಇಡೀ ಕಥಾಲೋಕವನ್ನೇ ಬಯಸುತ್ತಾರೆ ಎಂದು ಒತ್ಸುಕಾ ಎಯ್ಜಿ 1989ರಲ್ಲಿ ವಾದಿಸಿದರು. ಆ ಸಮಗ್ರ ಲೋಕದ ಜಾಗವನ್ನು ಪಾತ್ರಲಕ್ಷಣಗಳ ದತ್ತಸಂಚಯ ಆಕ್ರಮಿಸಿಕೊಂಡಿದೆ ಎಂದು ಅಜುಮಾ ಹಿರೋಕಿ 2001ರಲ್ಲಿ ಹೇಳಿದರು. ಇಬ್ಬರ ಗಮನವೂ ಅಭಿಮಾನಿ ಏನನ್ನು ಅನುಭೋಗಿಸುತ್ತಾನೆ ಎಂಬುದರ ಮೇಲಿದೆ. ಯಾವ ಕಾಲಕ್ರಮದಲ್ಲಿ ಅನುಭೋಗಿಸುತ್ತಾನೆ ಎಂಬ ಪ್ರಶ್ನೆ ಪ್ರಸಾರದಲ್ಲಿರುವ ಸರಣಿಗೆ ಅಷ್ಟೇ ನಿರ್ಣಾಯಕ.

ಅಭಿಮಾನಿ ವಿಮರ್ಶೆಯ ಆರಂಭ

‘ಉಚೂ ಸೆಂಕನ್ ಯಮಾತೊ’ 1974ರ ಅಕ್ಟೋಬರ್‌ನಲ್ಲಿ ಪ್ರಸಾರವಾಗತೊಡಗಿತು. ಹೆಚ್ಚು ಕಂತುಗಳ ಯೋಜನೆಯಿದ್ದರೂ ಪ್ರೇಕ್ಷಕರ ಸಂಖ್ಯೆ ಕಡಿಮೆಯಿದ್ದುದರಿಂದ 26 ಕಂತಿಗೇ ಮುಗಿಯಿತು. 1979ರಲ್ಲಿ ಬಂದ ‘ಕಿದೋ ಸೆನ್ಶಿ ಗುಂಡಮ್’ ಕೂಡ 52ರ ಬದಲು 43 ಕಂತಿಗೆ ನಿಂತಿತು. ಎರಡನ್ನೂ ಉಳಿಸಿದ್ದು ಮರುಪ್ರಸಾರ, ಅಭಿಮಾನಿಗಳ ಉತ್ಸಾಹ ಮತ್ತು ಸಂಕಲಿತ ಚಲನಚಿತ್ರಗಳು. ಯಮಾತೊ ಚಿತ್ರ 1977ರಲ್ಲಿ ತೆರೆಕಂಡಿತು. 1978ರಲ್ಲಿ ತೊಕುಮಾ ಶೊತೆನ್ ಸಂಸ್ಥೆಯ ‘ಅನಿಮೇಜ್’ ಪತ್ರಿಕೆ ಹೊರಬಂದ ಮೇಲೆ ನಿರ್ದೇಶಕ, ಚಿತ್ರಕಥೆಗಾರ, ಆನಿಮೇಟರುಗಳ ಹೆಸರುಗಳು ಸಾಮಾನ್ಯ ವೀಕ್ಷಕರಿಗೂ ಪರಿಚಿತವಾದವು. ಮಕ್ಕಳ ಕಾರ್ಯಕ್ರಮವೆನಿಸಿದ್ದುದನ್ನು ಕರ್ತೃವುಳ್ಳ ಕೃತಿಯೆಂದು ನೋಡುವ, ‘ಹೀಗೇಕೆ ಮಾಡಿದರು’ ಎಂದು ಕೇಳುವ ರೂಢಿ ಬೆಳೆದದ್ದು ಈ ದಶಕದಲ್ಲಿ.

ಮುಕ್ತಾಯದ ಪ್ರಶ್ನೆ

ಆ ಪ್ರಶ್ನೆ ಉಗ್ರರೂಪ ತಾಳಿದ್ದು ಅನ್ನೋ ಹಿದೆಯಾಕಿ ನಿರ್ದೇಶನದ ‘ಶಿನ್ಸೆಯ್ಕಿ ಎವಾಂಗೆರಿಯೊನ್’ನಲ್ಲಿ (1995-96). ದೈತ್ಯಯಂತ್ರಗಳ ಯುದ್ಧವಾಗಿ, ಒಗಟಿನ ಮೇಲೆ ಒಗಟು ಪೇರಿಸುತ್ತಾ ಬಂದ ಕಥೆ 25 ಮತ್ತು 26ನೆಯ ಕಂತುಗಳಲ್ಲಿ ಹೊರಗಿನ ಘಟನೆಗಳನ್ನು ಬಿಟ್ಟು ಪಾತ್ರಗಳ ಮನಸ್ಸಿನೊಳಗೆ ಹೊಕ್ಕಿತು. ಸ್ಥಿರಚಿತ್ರಗಳು, ಒರಟು ರೇಖೆಗಳು, ತೆರೆಯ ಮೇಲಿನ ಬರಹಗಳಲ್ಲೇ ಕಥೆ ಮುಗಿಯಿತು. ಆರು ತಿಂಗಳು ವಾರವಾರವೂ ಸುಳಿವುಗಳನ್ನು ಕೂಡಿಹಾಕಿ ಉತ್ತರಕ್ಕೆ ಕಾದಿದ್ದವರಲ್ಲಿ ಹಲವರಿಗೆ ಇದು ಮಾತು ತಪ್ಪಿದಂತೆ ಕಂಡಿತು. ಸರಣಿ ಮೊದಲಿನಿಂದಲೂ ಕೇಳುತ್ತಿದ್ದ ಪ್ರಶ್ನೆಗೆ ಇದೇ ಸರಿಯಾದ ಉತ್ತರವೆಂದು ಇನ್ನು ಕೆಲವರು ವಾದಿಸಿದರು. 1997ರ ಜುಲೈನಲ್ಲಿ ಬಂದ ಚಲನಚಿತ್ರ ಮುಕ್ತಾಯವನ್ನು ಬೇರೆ ರೀತಿಯಲ್ಲಿ ಹೇಳಿತು. ಪ್ರೇಕ್ಷಕರ ಸಂದೇಶಗಳು, ಚಿತ್ರಮಂದಿರದಲ್ಲಿ ಕುಳಿತ ಜನ ಅದರಲ್ಲೊಮ್ಮೆ ಮಿಂಚಿ ಮರೆಯಾಗುತ್ತಾರೆ. ಕೃತಿಯ ಮೇಲೆ ನಡೆದ ಜಗಳವೇ ಹೀಗೆ ಕೃತಿಯ ವಸ್ತುವಾಯಿತು.

ಕ್ರಮ ಮತ್ತು ಪುನರಾವರ್ತನೆ

ತನಿಗಾವಾ ನಗಾರು ಅವರ ಕಾದಂಬರಿಗಳನ್ನು ಆಧರಿಸಿ ಕ್ಯೋತೊ ಆನಿಮೇಶನ್ ತಯಾರಿಸಿದ ‘ಸುಜುಮಿಯಾ ಹರುಹಿ ನೊ ಯುಉತ್ಸು’ (2006) ವಾರದ ಬಿಡುವನ್ನೇ ಆಟದ ಅಂಗಳವಾಗಿಸಿಕೊಂಡಿತು. ಅದರ 14 ಕಂತುಗಳು ಕಾಲಾನುಕ್ರಮದಲ್ಲಿ ಪ್ರಸಾರವಾಗಲಿಲ್ಲ. ಮೊದಲ ವಾರ ಬಂದದ್ದು ಪಾತ್ರಗಳೇ ಶಾಲಾ ಉತ್ಸವಕ್ಕಾಗಿ ತೆಗೆದ, ಬೇಕೆಂದೇ ಕಳಪೆಯಾಗಿ ರೂಪಿಸಿದ ಕಿರುಚಿತ್ರ. ಮುಂದಿನ ಕಂತಿನ ಮುನ್ನೋಟದಲ್ಲಿ ನಾಯಕಿ ಹರುಹಿ ಒಂದು ಕಂತುಸಂಖ್ಯೆ ಹೇಳಿದರೆ ನಿರೂಪಕ ಕ್ಯೊನ್ ಇನ್ನೊಂದನ್ನು ಹೇಳುತ್ತಾನೆ. ಅವಳದು ಕಥೆಯ ಕಾಲಕ್ರಮ, ಅವನದು ಪ್ರಸಾರದ ಕ್ರಮ. ಕ್ರಮವನ್ನು ಜೋಡಿಸುವ ಕೆಲಸ ವೀಕ್ಷಕರ ಪಾಲಿಗೆ ಬಂತು. ಮೊದಲ ಕಾದಂಬರಿಯ ಪರಾಕಾಷ್ಠೆ ಕೊನೆಯ ವಾರಕ್ಕೆ ಸರಿದದ್ದರಿಂದ, ಕಾಲಾನುಕ್ರಮದಲ್ಲಿ ನಡುವೆಯೇ ಮುಗಿದುಹೋಗಬೇಕಿದ್ದ ಏರಿಕೆ ಸರಣಿಯ ತುದಿಯವರೆಗೂ ಉಳಿಯಿತು.

2009ರಲ್ಲಿ ಹೊಸ ಕಂತುಗಳೊಂದಿಗೆ ಮರುಪ್ರಸಾರವಾದಾಗ ನಡೆದದ್ದು ಇದಕ್ಕಿಂತ ಸಾಹಸದ ಪ್ರಯೋಗ. ಬೇಸಿಗೆ ರಜೆಯ ಕೊನೆಯ ಎರಡು ವಾರ ಮತ್ತೆ ಮತ್ತೆ ಮರುಕಳಿಸುವ ‘ಎಂಡ್‌ಲೆಸ್ ಎಯ್ಟ್’ ಎಂಬ ಸಣ್ಣಕಥೆ ಎಂಟು ಕಂತುಗಳಾಗಿ ಎಂಟು ವಾರ ನಡೆಯಿತು. ಈಜುಕೊಳ, ಬೊನ್ ಹಬ್ಬದ ಕುಣಿತ, ಪಟಾಕಿ, ಜೀರುಂಡೆ ಹಿಡಿಯುವುದು ಇವೇ ಘಟನೆಗಳು ಪ್ರತಿ ವಾರವೂ ಬಂದವು. ಆದರೆ ಯಾವ ಕಂತೂ ಹಿಂದಿನದರ ನಕಲಾಗಿರಲಿಲ್ಲ. ಚಿತ್ರಗಳನ್ನು ಹೊಸದಾಗಿ ಬರೆದು, ಸಂಭಾಷಣೆಯನ್ನು ಹೊಸದಾಗಿ ಧ್ವನಿಮುದ್ರಿಸಿಕೊಂಡಿದ್ದರು. ಉಡುಪು, ಕ್ಯಾಮರಾ ಕೋನ ಬದಲಾಗುತ್ತಿದ್ದವು. ಕೆಫೆಯಿಂದ ಎದ್ದು ಹೋಗುವ ಹರುಹಿಯನ್ನು ಕ್ಯೊನ್ ತಡೆಯುತ್ತಾನೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಪ್ರತಿ ಕಂತಿನ ಕೊನೆಗೆ ಉಳಿಯುತ್ತಿತ್ತು. ಎಂಟನೆಯ ವಾರ, ಮುಗಿಸದ ರಜೆಯ ಮನೆಗೆಲಸವನ್ನು ಎಲ್ಲರೂ ಕೂಡಿ ಮಾಡೋಣ ಎಂಬ ಅವನ ಮಾತಿನಿಂದ ಸುತ್ತು ಮುರಿಯಿತು.

ಅಭಿಮಾನಿಗಳ ಸಿಟ್ಟಿಗೆ ಕಾರಣ ಸ್ಪಷ್ಟವಿತ್ತು: ಸೀಮಿತ ಕಂತುಗಳಲ್ಲಿ ಎಂಟು ಒಂದೇ ಕಥೆಗೆ ಹೋದವು. ಸಮರ್ಥಕರ ವಾದಕ್ಕೆ ಆಧಾರವಾದದ್ದು ನಗಾತೊ ಯುಕಿ ಎಂಬ ಪಾತ್ರ. 15,532 ಆವೃತ್ತಿಗಳನ್ನೂ ನೆನಪಿಟ್ಟುಕೊಂಡವಳು ಅವಳೊಬ್ಬಳೇ. ಸುಮಾರು 594 ವರ್ಷಗಳ ಅವಳ ಬೇಸರವನ್ನು ಸಂಭಾಷಣೆಯಿಂದ ತಿಳಿಸಬಹುದು, ಅನುಭವಕ್ಕೆ ತರಲು ವೀಕ್ಷಕನೂ ಬೇಸತ್ತಿರಬೇಕು. 2010ರ ಚಲನಚಿತ್ರದಲ್ಲಿ ಅವಳು ಜಗತ್ತನ್ನೇ ಬದಲಿಸಿದಾಗ ಈ ವಾದಕ್ಕೆ ಬಲ ಬಂತು. ಗಮನಿಸಬೇಕಾದದ್ದೆಂದರೆ, ಎಂಟನ್ನೂ ಒಂದೇ ಸಂಜೆ ನೋಡುವವನಿಗೂ, ಬೇಕೆನಿಸಿದರೆ ದಾಟಿಹೋಗುವವನಿಗೂ ಈ ಪರಿಣಾಮ ದಕ್ಕುವುದಿಲ್ಲ. ತಂತ್ರದ ಅರ್ಥ ಇರುವುದು ಕಾಯುವಿಕೆಯಲ್ಲಿ.

ತಿರುವಿನ ಸ್ಥಾನ

ಹೊಸ ಸರಣಿಯನ್ನು ಮೂರು ಕಂತು ನೋಡಿ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಬೇಕೆಂಬ ಅಲಿಖಿತ ನಿಯಮ ಅಭಿಮಾನಿಗಳಲ್ಲಿದೆ. 2011ರ ಜನವರಿಯಲ್ಲಿ ಶುರುವಾದ ‘ಮಾಹೊ ಶೋಜೊ ಮಾದೊಕಾ ಮಾಗಿಕಾ’ ಆ ನಿಯಮಕ್ಕೆ ಆದರ್ಶ ನಿದರ್ಶನ. ಶಿನ್‌ಬೊ ಅಕಿಯುಕಿ ನಿರ್ದೇಶನ, ಉರೊಬುಚಿ ಗೆನ್ ಚಿತ್ರಕಥೆಯ ಈ ಸರಣಿ ಮುದ್ದು ಮುಖಗಳ ಮಾಂತ್ರಿಕ ಬಾಲೆಯರ ಕಥೆಯಂತೆ ತೊಡಗಿ, ಮೂರನೆಯ ಕಂತಿನಲ್ಲಿ ಮಾರ್ಗದರ್ಶಿಯಂತಿದ್ದ ತೊಮೊಎ ಮಾಮಿಯನ್ನು ಕೊಂದಿತು. ಅಲ್ಲಿಂದ ಚರ್ಚೆಯ ರೀತಿಯೇ ಬದಲಾಯಿತು. ಅಭಿಮಾನಿಗಳು ಹಿಂದಿನ ಕಂತುಗಳಿಗೆ ಮರಳಿ ಹಿನ್ನೆಲೆಯ ಚಿತ್ರಗಳು, ನಿಗೂಢ ಲಿಪಿ, ಆರಂಭದ ಹಾಡನ್ನು ಶೋಧಿಸತೊಡಗಿದರು.

ಹತ್ತನೆಯ ಕಂತು ಆ ಶೋಧಕ್ಕೆ ಉತ್ತರ ಕೊಟ್ಟಿತು. ಮೊದಲ ಕಂತಿನಲ್ಲಿ ಹೊಸ ವಿದ್ಯಾರ್ಥಿನಿ ಅಕೆಮಿ ಹೊಮುರಾ ತಣ್ಣನೆಯ ಆತ್ಮವಿಶ್ವಾಸದಿಂದ ತರಗತಿಗೆ ಪರಿಚಯಗೊಳ್ಳುತ್ತಾಳೆ. ಹತ್ತರಲ್ಲಿ ಅದೇ ತರಗತಿಯಲ್ಲಿ ಜಡೆ ಹೆಣೆದುಕೊಂಡು, ಕನ್ನಡಕ ಹಾಕಿಕೊಂಡು, ಮಾತು ಹೊರಡದೆ ನಿಂತಿರುವ ಹೊಮುರಾ ಕಾಣುತ್ತಾಳೆ. ಗೆಳತಿಯನ್ನು ಉಳಿಸಲು ಅದೇ ಕಾಲವನ್ನು ಅವಳು ಎಷ್ಟು ಸಲ ಬದುಕಿದ್ದಾಳೆಂಬುದು ಆ ಎರಡು ದೃಶ್ಯಗಳ ಅಂತರದಿಂದಲೇ ತಿಳಿಯುತ್ತದೆ. ಆರಂಭದ ಹಾಡು ಈ ಬಾರಿ ಕೊನೆಯಲ್ಲಿ ಕೇಳಿಬಂದಾಗ ಅದು ಹೊಮುರಾಳ ಹಾಡಾಗಿ ಬದಲಾಗುತ್ತದೆ. ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ಕಾರಣ ಪ್ರಸಾರ ನಿಂತು, ಕೊನೆಯ ಎರಡು ಕಂತುಗಳು ಏಪ್ರಿಲ್ ಕೊನೆಯ ಭಾಗದಲ್ಲಿ ಒಟ್ಟಿಗೆ ಬಂದವು. ಯಾರೂ ಯೋಜಿಸದ ಆ ದೀರ್ಘ ಬಿಡುವು ಊಹೆಗಳನ್ನು ಇನ್ನಷ್ಟು ಬೆಳೆಸಿತು.

ಮೂಲ ಬಲ್ಲವರು, ಅರಿಯದವರು

ಮಾಂಗಾ ಆಧಾರಿತ ಸರಣಿಗಳಲ್ಲಿ ಚರ್ಚೆ ಎರಡು ಹೋಳಾಗುತ್ತದೆ. ಮೂಲ ಓದಿದವರು ಮುಂದೇನಾಗುತ್ತದೆ ಎಂದು ಕೇಳುವುದಿಲ್ಲ. ಏನನ್ನು ಕತ್ತರಿಸಿದರು, ಎಲ್ಲಿ ಹಿಗ್ಗಿಸಿದರು ಎಂದು ಅಳೆಯುತ್ತಾರೆ. ಮಾಂಗಾ ಮುಗಿಯುವ ಮೊದಲೇ ಅನಿಮೆ ಅದನ್ನು ಹಿಂದಿಕ್ಕಿದರೆ ಉಳಿಯುವ ದಾರಿಗಳು ಎರಡು. ‘ನರುತೊ’ 135ನೆಯ ಕಂತಿನ ನಂತರ 220ರವರೆಗೆ ಬಹುತೇಕ ಮೂಲದಲ್ಲಿಲ್ಲದ ‘ಫಿಲ್ಲರ್’ ಕಥೆಗಳಿಂದ ಕಾಲ ತಳ್ಳಿತು. 2003ರ ‘ಹಗಾನೆ ನೊ ರೆಂಕಿಂಜುತ್ಸುಶಿ’ ತನ್ನದೇ ಮುಕ್ತಾಯ ಕಟ್ಟಿಕೊಂಡಿತು. ಮೂಲಕ್ಕೆ ನಿಷ್ಠವಾದ 64 ಕಂತುಗಳ ಎರಡನೆಯ ರೂಪ 2009ರಲ್ಲಿ ಆರಂಭವಾಯಿತು. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಯಲ್ಲಿ ನಿಷ್ಠೆಯೊಂದೇ ಮಾನದಂಡವಾಗದೆ ಸ್ವತಂತ್ರ ವಿನ್ಯಾಸಕ್ಕೂ ಬೆಲೆ ಸಿಕ್ಕಿದೆ.

ಬಿಡುವಿನ ಮರುವಿನ್ಯಾಸ

ಅಂತರಜಾಲ ಪ್ರಸಾರ ಬಂದ ಮೇಲೆ ಬಿಡುವು ಅನಿವಾರ್ಯವಲ್ಲ, ಆಯ್ಕೆ. ಯುಆಸಾ ಮಾಸಾಕಿ ಅವರ ‘ಡೆವಿಲ್‌ಮನ್ ಕ್ರೈಬೇಬಿ’ಯ ಹತ್ತೂ ಕಂತುಗಳು 2018ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಒಮ್ಮೆಗೇ ಬಿಡುಗಡೆಯಾದವು. ಅದೇ ವೇದಿಕೆ ‘ಜೊಜೊ’ ಸರಣಿಯ ‘ಸ್ಟೋನ್ ಓಶನ್’ ಭಾಗವನ್ನು 2021-22ರಲ್ಲಿ ಕಂತೆಕಂತೆಯಾಗಿ ಬಿಟ್ಟಾಗ ವಾರವಾರದ ಚರ್ಚೆಯೇ ಇಲ್ಲವಾಯಿತೆಂದು ಅಭಿಮಾನಿಗಳು ದೂರಿದರು. 2024ರ ‘ಡಂಜನ್ ಮೆಶಿ’ ಅಲ್ಲೇ ವಾರಕ್ಕೊಂದರಂತೆ ಬಂತು.

ಆರಂಭವನ್ನು ಮಾತ್ರ ಹಿಗ್ಗಿಸುವುದು ಇನ್ನೊಂದು ವಿಧಾನ. 2023ರ ‘ಒಶಿ ನೊ ಕೊ’ದ ಮೊದಲ ಕಂತು 90 ನಿಮಿಷದ್ದು. ಕಥೆಗೆ ನಿಜವಾದ ಚಾಲನೆ ಕೊಡುವ ಸಾವು ಅದರ ಕೊನೆಯಲ್ಲಿದೆ. ಅದೇ ವರ್ಷ ಸೆಪ್ಟೆಂಬರ್ 29ರಂದು ‘ಸೊಸೊ ನೊ ಫ್ರೀರೆನ್’ನ ಮೊದಲ ನಾಲ್ಕು ಕಂತುಗಳು ನಿಪ್ಪೊನ್ ಟಿ.ವಿ.ಯ ಶುಕ್ರವಾರದ ಚಲನಚಿತ್ರದ ಸಮಯದಲ್ಲಿ ಒಟ್ಟಿಗೆ ಪ್ರಸಾರವಾದವು. ಸಾಹಸಯಾತ್ರೆ ಮುಗಿದ ಮೇಲೆ ಶುರುವಾಗುವ, ಅರ್ಧ ಶತಮಾನವನ್ನು ಕೆಲವೇ ನಿಮಿಷಗಳಲ್ಲಿ ದಾಟುವ ಈ ನಿಧಾನಗತಿಯ ಕಥೆಯನ್ನು ಮೊದಲ ಇಪ್ಪತ್ತು ನಿಮಿಷಕ್ಕೇ ಅಳೆಯದಂತೆ ಈ ವ್ಯವಸ್ಥೆ ತಡೆಯಿತು.

ಸಮಾರೋಪ

ಮುಕ್ತಾಯ, ಕ್ರಮ, ಪುನರಾವರ್ತನೆ, ತಿರುವು, ಮೂಲನಿಷ್ಠೆ ಇವುಗಳ ಬಗ್ಗೆ ಅಭಿಮಾನಿಗಳು ಕೊಡುವ ತೀರ್ಪುಗಳು ಕೇವಲ ಅಭಿರುಚಿಯ ಮಾತಲ್ಲ. ಅವು ಕಂತು ಮತ್ತು ಕಂತಿನ ನಡುವಿನ ಕಾಲದಲ್ಲಿ ರೂಪುಗೊಳ್ಳುವಂಥವು. ಆದ್ದರಿಂದ ಅನಿಮೆ ಸರಣಿಯ ವಿಮರ್ಶೆ ಪೂರ್ಣಗೊಂಡ ಪಠ್ಯವನ್ನಷ್ಟೇ ಆಧರಿಸಿದರೆ ಸಾಲದು. ಅದು ಯಾವ ಕ್ರಮದಲ್ಲಿ, ಎಷ್ಟು ಬಿಡುವಿನೊಂದಿಗೆ, ಏನನ್ನು ಬಚ್ಚಿಟ್ಟುಕೊಂಡು ಪ್ರೇಕ್ಷಕರನ್ನು ತಲುಪಿತು ಎಂಬುದನ್ನೂ ಕಥನತಂತ್ರದ ಭಾಗವಾಗಿ ದಾಖಲಿಸಬೇಕಾಗುತ್ತದೆ.