ರೈಲಿಲ್ಲದ ಹತ್ತು ವರ್ಷ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್‌ನಿಂದ ಸ್ಪಾರ್ಟಾವರೆಗಿನ ಹಳೇ ರೈಲು ಮಾರ್ಗ ಈಗ ಸೈಕಲ್ ದಾರಿ. ಹಳಿ ಕಿತ್ತು, 1967ರಲ್ಲಿ ಜನರಿಗೆ ಬಿಟ್ಟುಕೊಟ್ಟರು.

ನಮ್ಮಲ್ಲೂ ಅಂಥದ್ದೊಂದು ತಾನಾಗೇ ಹುಟ್ಟಿತ್ತು, ಗೊತ್ತಾ ವೀಕ್ಷಕರೇ? ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಮೀಟರ್‌ಗೇಜ್ ರೈಲು 1996ರಲ್ಲಿ ನಿಂತಿತು, ಬ್ರಾಡ್‌ಗೇಜ್ ಆಗಬೇಕಿತ್ತು. ಆ ಹತ್ತು ವರ್ಷ ಚಾರಣಿಗರು ಟಾರ್ಚ್ ಹಿಡಿದು ಘಾಟಿಯ ಸುರಂಗ, ಸೇತುವೆಗಳನ್ನ ನಡೆದೇ ದಾಟಿದರು. ‘ಗ್ರೀನ್ ರೂಟ್’ ಅಂತ ಹೆಸರೂ ಬಿತ್ತು.

2006ರಲ್ಲಿ ಗೂಡ್ಸ್, 2007ರಲ್ಲಿ ಪ್ಯಾಸೆಂಜರ್ ರೈಲು ವಾಪಸ್ ಬಂತು. ಬರಲೇಬೇಕಿತ್ತು ಬಿಡಿ. ರೈಲಿನ ಬೆಲೆ ಏನು ಅಂತ ನಮ್ಮ ಕಮಲಾಪುರದವರನ್ನ ಕೇಳಿ. ಬೀದರ್–ಕಲಬುರಗಿ ರೈಲಿಗೆ 2017ರವರೆಗೆ ಕಾದವರು ಅವರು.

ಆದರೆ ಹಳೇ ಫೋಟೋ ನೋಡಿ ಈಗಲೂ ಘಾಟಿಯ ಹಳಿ ಮೇಲೆ ನಡೆಯೋರಿದ್ದಾರೆ. ಅದು ಕಾನೂನಿನಲ್ಲಿ ಅಪರಾಧ. ಕಾನೂನು ಬಿಡಿ, ನಡುಸೇತುವೆಯಲ್ಲಿ ರೈಲು ಬಂದ್ರೆ ಎಲ್ಲಿಗೆ ಓಡ್ತೀರಿ?